ಕತ್ತರಿಸದ ಹಾಸು

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ರೇಣುಕವ್ವನ ಮನೆಯ ಹಾಸು ಹರಡಿತ್ತು. ೨೦೦೮ರ ಫೆಬ್ರುವರಿ ೧೭, ಭಾನುವಾರ. ಸೀರೆಯಲ್ಲಿ ಉದ್ದಕ್ಕೆ ಓಡುವ ಎಳೆಗಳೇ ಹಾಸು. ಮೂರು ಸೀರೆಗೆ ಬೇಕಾದ ಆ ನೂಲನ್ನು ಎರಡು ಗೂಟಗಳ ನಡುವೆ ಅರವತ್ತು ಅಡಿ ಬಿಗಿದು, ಗಂಜಿ ಸವರಿ, ಕುಂಚದಿಂದ ತೀಡಿ ಒಣಗಿಸುವ ಕೆಲಸ ಆ ಮನೆಯ ಮಟ್ಟಿಗೆ ಅಂದೇ ಕೊನೆ. ಮುಂದಿನ ಸಲದಿಂದ ಗಂಜಿ ಹಾಕಿ ಸುತ್ತಿದ ಹಾಸನ್ನೇ ಹೊರಗಿನಿಂದ ತರಿಸುವುದೆಂದು ಮಗ ನೀಲಪ್ಪ ನಿರ್ಧರಿಸಿದ್ದ.

ಓಣಿಯ ಎದುರು ಗೋಡೆಗೆ ಬೆನ್ನು ಹಚ್ಚಿ ಬಾಷಾಸಾಬ ನಿಂತಿದ್ದ. ಬಸ್‌ ನಿಲ್ದಾಣದ ಬಳಿ ಮೂವತ್ತಕ್ಕೂ ಹೆಚ್ಚು ವರ್ಷ ಫೋಟೋ ಸ್ಟುಡಿಯೋ ನಡೆಸಿ, ನಾಲ್ಕು ವರ್ಷದ ಹಿಂದೆ ಬಾಗಿಲು ಹಾಕಿದವನು. ಮೇಲೊಂದು ಕೆಳಗೊಂದು ಲೆನ್ಸಿದ್ದ ಅವನ ದೊಡ್ಡ ಕ್ಯಾಮೆರಾ ಅಂಗಡಿಯ ಗಾಜಿನ ಕಪಾಟಿನ ಜೊತೆಗೇ ಮಾರಿಹೋಗಿತ್ತು. ಈಗ ಕೈಯಲ್ಲಿದ್ದದ್ದು ಕಪ್ಪು ಪ್ಲಾಸ್ಟಿಕ್ಕಿನ ಅಗ್ಗದ ಕ್ಯಾಮೆರಾ. ಲೆನ್ಸು ಕೂಡ ಪ್ಲಾಸ್ಟಿಕ್ಕೇ. ಧಾರವಾಡದಲ್ಲಿ ಚಿತ್ರಕಲೆ ಓದುವ ಮಗಳು ಹೀನಾ ಗೆಳತಿಯಿಂದ ಪಡೆದು, ಒಂದು ಕಪ್ಪುಬಿಳುಪು ರೋಲಿನ ಸಮೇತ ತಂದುಕೊಟ್ಟಿದ್ದಳು. ಹಳೇ ಕ್ಯಾಮೆರಾದ ಅಗಲ ರೋಲೇ ಇದಕ್ಕೂ ಆಗುತ್ತಿತ್ತು.

"ಕಾಕಾ, ಇದರಾಗ ಫೋಟೋ ಬರ್ತಾವೋ, ಜಾತ್ರಿ ಆಟಗಿ ಹಾಂಗ ನೀರ್ ಚಿಮ್ಮತೈತೋ?" ಎಂದು ನೀಲಪ್ಪ ಕೇಳಿದ.

"ನೀ ಮದ್ಲ ಗಂಜಿ ತೀಡು. ನಿನ್ನ ಮಾರಿಮ್ಯಾಲ ಚಿಮ್ಮಿದಾಗ ಗೊತ್ತಾಗತೈತಿ."

ಹಾಸಿನ ಎರಡೂ ಬದಿ ಕುಂಚ ಹಿಡಿದಿದ್ದ ನೆರೆಯವರು ನಕ್ಕರು. ಬಾಷಾಸಾಬನೂ ನಕ್ಕ. ಆದರೆ ಇದ್ದದ್ದು ಒಂದೇ ರೋಲು, ಹರಡಿದ್ದು ಕೊನೆಯ ಹಾಸು, ತೆಗೆಯಬೇಕಾದದ್ದು ಮೂವತ್ತೆಂಟು ವರ್ಷದಿಂದ ತೆಗೆಯಲಾಗದ ಫೋಟೋ.

೧೯೭೦ರಲ್ಲಿ ಅವನು ಲಕ್ಕಲಕಟ್ಟಿಯಿಂದ ಎರವಲು ಕ್ಯಾಮೆರಾ ಹಿಡಿದು ಈ ಊರಿಗೆ ಬಂದಾಗ ವಯಸ್ಸು ಇಪ್ಪತ್ತು. ರೋಲು ತೊಳೆಯಲು ಕತ್ತಲ ಕೋಣೆ ಬೇಕಿತ್ತು. ಔಷಧಿಯ ವಾಸನೆಗೆ ಹೆದರಿ ಯಾರೂ ಜಾಗ ಕೊಡಲಿಲ್ಲ. ಮಗ್ಗದ ಕೋಣೆಯ ಒಂದೇ ಕಿಟಕಿಗೆ ಗೋಣಿಚೀಲ ಕಟ್ಟಿಕೊಟ್ಟವಳು ರೇಣುಕವ್ವ. ದಿನಾ ನಾಲ್ಕು ಗಂಟೆಗೆ ನೇಯುವುದನ್ನು ನಿಲ್ಲಿಸಿ, ಎರಡು ತಾಸು ಕೋಣೆ ಅವನಿಗೆ ಬಿಟ್ಟುಕೊಡುತ್ತಿದ್ದಳು. ಹೀಗೆ ಎಂಟು ತಿಂಗಳು. ಆಮೇಲೆ ಅವನು ಸ್ಟುಡಿಯೋ ತೆರೆದ, ಅರ್ಧ ಊರಿನ ಮದುವೆ ತೆಗೆದ. ರೇಣುಕವ್ವನ ಒಂದು ಫೋಟೋ ಮಾತ್ರ ತೆಗೆಯಲಾಗಲಿಲ್ಲ.

ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ನನ್ನ ಮಾರಿ ಒಂದ ತಗೊಂಡ ಏನ್ ಮಾಡ್ತಿ? ಹಾಸು ಪೂರ್ತಾ ಬರಲಿ. ಅದರ ತುದಿಗೆ ನಾ ನಿಂದರತೀನಿ. ತುಂಡು ಹಾಸು ಬ್ಯಾಡ."

ಓಣಿ ಎಂಟು ಅಡಿ ಅಗಲ. ಯಾವ ಕ್ಯಾಮೆರಾಕ್ಕೂ ಅರವತ್ತು ಅಡಿ ಒಟ್ಟಿಗೆ ಹಿಡಿಯುವಷ್ಟು ಹಿಂದೆ ಸರಿಯಲು ಜಾಗವಿರಲಿಲ್ಲ. ಅದಕ್ಕೇ ಈ ಸಲ ಬಾಷಾಸಾಬ ಲೆಕ್ಕ ಹಾಕಿ ಬಂದಿದ್ದ. ರೋಲಿನಲ್ಲಿ ಹನ್ನೆರಡು ಫೋಟೋ. ಐದೈದು ಅಡಿಗೆ ಒಂದರಂತೆ ಎಡದಿಂದ ಬಲಕ್ಕೆ ತೆಗೆದು, ಹನ್ನೆರಡನ್ನೂ ಬದಿಬದಿಗೆ ಅಂಟಿಸಿದರೆ ಪೂರ್ತಿ ಹಾಸು. ನೆಲದ ಮೇಲೆ ಸುಣ್ಣದಿಂದ ಗುರುತು ಕೂಡ ಹಾಕಿಕೊಂಡಿದ್ದ. ಕ್ಯಾಮೆರಾದ ಸಂದುಗಳಲ್ಲಿ ಬೆಳಕು ನುಗ್ಗುತ್ತದೆಂದು ಹೀನಾ ಹೇಳಿದ್ದರಿಂದ, ರೋಲು ಹಾಕಿದ ಮೇಲೆ ಸ್ಟುಡಿಯೋ ಕಾಲದ ಕಪ್ಪು ಪಟ್ಟಿಯನ್ನು ಸುತ್ತಲೂ ಒತ್ತಿ ಅಂಟಿಸಿದ್ದ. ಬೆನ್ನಿಗಿದ್ದ ಕೆಂಪು ಕಿಂಡಿಯನ್ನಷ್ಟೇ ಬಿಟ್ಟಿದ್ದ. ಫೋಟೋದ ಅಂಕಿ ಕಾಣುವುದು ಅದರಲ್ಲೇ.

ಬಿಸಿಲು ಎಳೆಗಳ ಮೇಲೆ ಬಿತ್ತು. ಒಂದು ತೆಗೆದ, ಕೀಲಿ ತಿರುವಿದ, ಕಿಂಡಿಯಲ್ಲಿ ಎರಡು ಬಂತು. ಮುಂದಿನ ಸುಣ್ಣದ ಗುರುತಿಗೆ ಸರಿದ. ಮೂರು, ನಾಲ್ಕು, ಐದು. ಕುಂಚದವರು, ಗಂಜಿಯ ಪಾತ್ರೆ, ಕೆಳಗೆ ನುಸುಳಿದ ಬೆಕ್ಕು. ಹನ್ನೆರಡನೆಯ ಗುರುತಿನಲ್ಲಿ ರೇಣುಕವ್ವ ಗೂಟದ ಪಕ್ಕ ನಿಂತಿದ್ದಳು. ಎಪ್ಪತ್ತು ವರ್ಷ, ಸೆರಗು ನಡುವಿಗೆ ಬಿಗಿದು, ಮೊಣಕೈತನಕ ಗಂಜಿ.

"ಅಕ್ಕಾರ, ಸ್ವಲ್ಪ ನಗ್ರಿ."

"ಗಂಜಿ ಒಣಗಾಕ ಹತ್ತೈತಿ, ಲಗೂ ಹೊಡಿಯೋ!"

ಹೊಡೆದ. ರೋಲು ಮುಗಿಯಿತೆಂದು ಕೀಲಿ ತಿರುವಿದ. ಕಿಂಡಿಯಲ್ಲಿ ಹದಿಮೂರು ಕಂಡಿತು.

ಬಾಷಾಸಾಬನಿಗೆ ಕ್ಷಣದಲ್ಲಿ ತಿಳಿಯಿತು. ಈ ಕ್ಯಾಮೆರಾದಲ್ಲಿ ಕಿಂಡಿಯನ್ನು ಎರಡು ಕಡೆ ಸರಿಸಬಹುದು: ಹನ್ನೆರಡು ಅಗಲ ಫೋಟೋಗೆ ಒಂದು ಕಡೆ, ಹದಿನಾರು ಕಿರಿದಾದವಕ್ಕೆ ಇನ್ನೊಂದು ಕಡೆ. ಪಟ್ಟಿ ಒತ್ತಿ ಅಂಟಿಸುವಾಗ ಅವನ ಹೆಬ್ಬೆರಳಿಗೇ ಅದು ಹದಿನಾರರ ಕಡೆ ಸರಿದಿತ್ತು. ಫೋಟೋ ಅಗಲವಾಗಿಯೇ ಬಿದ್ದು, ರೋಲು ಮಾತ್ರ ಪ್ರತಿ ಸಲ ಕಡಿಮೆ ಸರಿದು, ಒಂದೊಂದು ಫೋಟೋದ ಅಂಚೂ ಮುಂದಿನದರ ಮೇಲೆ ಏರಿ ಕೂತಿರಬೇಕು. ಇನ್ನು ಒಂದನ್ನೂ ಬಿಡಿಸಿ ಕತ್ತರಿಸುವಂತಿಲ್ಲ.

ಆಗಲೇ ರೇಣುಕವ್ವ ಗಂಜಿಯ ಪಾತ್ರೆ ಎತ್ತಿಕೊಂಡು, ಗೂಟದ ಬಲಕ್ಕಿದ್ದ ತನ್ನ ಮನೆ ಬಾಗಿಲ ಕಡೆ ನಡೆದಿದ್ದಳು. ಹೇಗೂ ಕೆಟ್ಟಿತ್ತು. ಉಳಿದ ನಾಲ್ಕನ್ನು ಅವನು ಆ ಬಾಗಿಲಿಗೇ ಕೊಟ್ಟ. ಮೂವತ್ತೆಂಟು ವರ್ಷದ ಹಿಂದೆ ನಾಲ್ಕು ಗಂಟೆಗೆ ತನಗಾಗಿ ತೆರೆಯುತ್ತಿದ್ದ ಬಾಗಿಲು ಅದು.

ಮಧ್ಯಾಹ್ನ ಅದೇ ಮಗ್ಗದ ಕೋಣೆಯ ಕಿಟಕಿಗೆ ಗೋಣಿಚೀಲ ಕಟ್ಟಿ ರೋಲನ್ನು ಔಷಧಿಯ ಡಬ್ಬಿಗೆ ಇಳಿಸಿದ. ತೊಳೆದು, ಮಗ್ಗದ ಮೇಲಿನ ಗಳಕ್ಕೆ ತೂಗುಹಾಕಿ, ಚೀಲ ಬಿಚ್ಚಿದ. ಎರಡು ಮೊಳಕ್ಕೆ ಹತ್ತಿರವಿದ್ದ ಪಟ್ಟಿಯಲ್ಲಿ ಫೋಟೋಗಳ ನಡುವೆ ಎಲ್ಲಿಯೂ ಖಾಲಿ ಗೆರೆ ಇರಲಿಲ್ಲ.

"ಅಕ್ಕಾರ, ತಪ್ಪಾತ್ರಿ," ಎಂದ. "ಎಲ್ಲಾ ಒಂದರಮ್ಯಾಲ ಒಂದ ಏರ್‍ಯಾವ. ಇಷ್ಟ ವರ್ಷಕ್ಕ ಒಂದ ಫೋಟೋಕ್ಕ ಒಪ್ಪಿದ್ರಿ, ಅದನ್ನೂ ಕೆಡಿಸಿದ್ನಿ."

"ಸರಿ ಅತ್ತಾಗ. ನೋಡೂಣು."

"ಇದು ತೊಳದದ್ದಷ್ಟ ರೀ. ಕರೇದು ಬಿಳೇದಾಗಿ..."

"ಬಿಳೇದು ಕರೇದಾಗಿ ಕಾಣತೈತಿ. ಎಂಟ ತಿಂಗಳ ಇದೇ ಗಳಕ್ಕ ನೀ ತೂಗಹಾಕಿದ್ದು ನೋಡೇನಿ. ನನಗೇನ ಕಲಸ್ತಿ?"

ಅವಳು ಕನ್ನಡಕ ಏರಿಸಿ, ಪಟ್ಟಿಯನ್ನು ಮುಟ್ಟದೆ, ಕತ್ತು ವಾರೆ ಮಾಡಿಕೊಂಡು ಮೇಲಿಂದ ಕೆಳಗೆ ನೋಡಿದಳು. ಅಂಚುಗಳು ಕೂಡಿದ ಕಡೆ ಮನುಷ್ಯರು ನೆರಳಿನ ಹಾಗೆ ಮಸುಕಾಗಿದ್ದರು. "ಒಬ್ಬಗ ಮೂರ ಕೈ ಬಂದಾವ!" ಎಂದಳು. ಆದರೆ ನೂಲು ಪಟ್ಟಿಯ ಉದ್ದಕ್ಕೇ ಓಡುವುದರಿಂದ ಎಳೆಯ ಮೇಲೆ ಎಳೆ ಬಿದ್ದು, ಹಾಸು ಮಾತ್ರ ಈ ಗೂಟದಿಂದ ಆ ಗೂಟದವರೆಗೆ ಎಲ್ಲೂ ಹರಿದಿರಲಿಲ್ಲ. ಪ್ಲಾಸ್ಟಿಕ್ ಲೆನ್ಸಿನಲ್ಲಿ ಅಂಚಿಗೆ ಬೆಳಕು ಕಡಿಮೆ ಬೀಳುವುದರಿಂದ, ಎರಡು ಸಲ ಬೆಳಕು ಕಂಡ ಆ ಕೂಡಿದ ಜಾಗವೂ ಪೂರ್ತಿ ಕಪ್ಪಾಗಿರಲಿಲ್ಲ.

ರೇಣುಕವ್ವ ಮಗ್ಗದ ಕಡೆ ಕೈ ತೋರಿಸಿದಳು. ಅಲ್ಲಿ ನೇಯ್ದು ಮುಗಿದ ಹಾಸಿನ ತುದಿ ಗೇಣುದ್ದ ಇಳಿಬಿದ್ದಿತ್ತು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗೇ ಗಂಟು ಹಾಕಬೇಕು. ಅವಳ ಮಗ್ಗ ಯಾವತ್ತೂ ಬರಿದಾಗಿರಲಿಲ್ಲ.

"ಹಳೇದರ ಮ್ಯಾಲ ಹೊಸಾದು ಏರದಿದ್ರ ಹಾಸು ಹ್ಯಾಂಗ ಮುಂದ ಹೋಗತೈತೋ? ನೀ ಹನ್ನೆರಡ ತುಂಡ ಮಾಡಿ ಅಂಟಸ್ತೀನಿ ಅಂದಾಗನ ನನ್ನ ಮನಸಿಗೆ ಬಂದಿರಲಿಲ್ಲ. ಸುಮ್ಮನ ಹೂಂ ಅಂದಿದ್ನಿ." ಪಟ್ಟಿಯ ತುದಿಗೆ ಬಂದು ನಿಂತಳು. "ಇದ್ಯಾಕ ಇಷ್ಟ ಬಾಗಲಾ?"

ಬಾಷಾಸಾಬ ಗೋಣಿಚೀಲ ಮಡಚತೊಡಗಿದ. "ನಿಮಗ ಹೇಳೂದಿತ್ರಿ. ಹ್ಯಾಂಗ ಹೇಳಬೇಕು ಗೊತ್ತಾಗಲಿಲ್ಲ."

"ಹೇಳಿದ್ಯಲ್ಲ ಮತ್ತ," ಎಂದಳು. "ಕೂಡ್ರು, ಚಾ ಕುಡದ ಹೋಗು. ಅದನ್ನ ಮಾತ್ರ ಕತ್ತರಿಸಬ್ಯಾಡ."

ಹೊರಗೆ ನಿಂತಿದ್ದ ನೀಲಪ್ಪ, "ಕಾಕಾ, ನನಗೇನರ ಮೂರ ಕೈ ಬಂದಾವ?" ಎಂದು ಕೂಗಿದ.

"ನಿನಗ ಬಂದಿಲ್ಲೋ. ಬಂದಿದ್ರ ಕೆಲಸರೆ ಲಗೂ ಆಗತಿತ್ತು," ಎಂದಳು ತಾಯಿ.

ಮರುವಾರ ಬಾಷಾಸಾಬ ಹಳೇ ಡಬ್ಬಿಯಲ್ಲಿ ಉಳಿದ ಫೋಟೋ ಕಾಗದದ ಮೂರು ಹಾಳೆ ಸಾಲಾಗಿ ಇಟ್ಟು, ಪಟ್ಟಿಯನ್ನು ಅದರ ಮೇಲೆ ಉದ್ದಕ್ಕೂ ಹಾಸಿ ಒಂದೇ ಬೆಳಕಿಗೆ ಪ್ರಿಂಟ್ ಮಾಡಿದ. ಮೂವತ್ತೊಂದು ಇಂಚು ಉದ್ದ, ಎರಡೂಕಾಲು ಇಂಚು ಎತ್ತರ. ಅಷ್ಟು ಉದ್ದದ ಚೌಕಟ್ಟು ಅಂಗಡಿಯಲ್ಲಿ ಸಿಗಲಿಲ್ಲ. ಮಗ್ಗ ರಿಪೇರಿ ಮಾಡುವ ಬಡಿಗ ಮಾಡಿಕೊಟ್ಟ. ಮಾರ್ಚ್ ೯ರಂದು ನೀಲಪ್ಪ ಅದನ್ನು ಮಗ್ಗದ ಎದುರಿನ ಗೋಡೆಗೆ ಹಾಕಿದ. ಹೊರಗಿನಿಂದ ತರಿಸಿದ ಮೊದಲ ಹಾಸು ಏಪ್ರಿಲ್‌ನಲ್ಲಿ ಬಂತು. ಅದರ ಎಳೆಗಳನ್ನು ಹಳೆಯ ತುದಿಗೆ ಗಂಟು ಹಾಕಲು ರೇಣುಕವ್ವನಿಗೆ ಎರಡು ದಿನ ಹಿಡಿಯಿತು.