ಹಂಚಿನ ಬಣ್ಣ

ದೇರೆಬೈಲಿನ ಆ ಮನೆಯಲ್ಲಿ ಬೆಳಗಿನ ಕಾಫಿಗೂ ಮೊದಲು ಕುದಿಯುತ್ತಿದ್ದದ್ದು ಕುಶಲಾಳ ಮೂತ್ರ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳ ಗಂಡ ಮೋಹನದಾಸ ಗಾಜಿನ ನಳಿಕೆಗೆ ನೀಲಿ ದ್ರಾವಣ ಹಾಕಿ, ಕೆಲವು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿಯುತ್ತಿದ್ದ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು. ಕುಶಲಾಳದು ದಿನವೂ ಮಾಡಿನ ಹಂಚಿನಂತೆ ಕೆಂಪಾಗುತ್ತಿತ್ತು.

ಇನ್ಸುಲಿನ್ ಏರಿಸಿದ್ದಾಯಿತು. ಅನ್ನ ಬಿಡಿಸಿದ್ದಾಯಿತು. ಕೊನೆಗೆ ಅವನು ಅಡುಗೆಮನೆಯ ಕಪಾಟಿಗೆ ಬೀಗ ಜಡಿದು ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ಕದ್ದು ಎಂತ ತಿಂತಿ? ಹೇಳು."

"ಎಂತದೂ ಇಲ್ಲ ಅಂದೆನಲ್ಲ," ಎಂದಳು ಕುಶಲಾ. ಅವಳ ದನಿ ಗಂಡಸರಂತೆ ದಪ್ಪಗಾಗಿತ್ತು.

"ಮತ್ತೆ ಈ ಕೆಂಪು ಆಕಾಶದಿಂದ ಬಿತ್ತಾ?"

ಕುಶಲಾಳ ತಾಯಿ ಅಕ್ಕು ಬಾಗಿಲ ಬಳಿಯಿಂದಲೇ ಕುಟುಕಿದಳು. "ಕದ್ದು ತಿಂದದ್ದು ಪಾದಕ್ಕೂ ಇಳೀತದಾ ಮಾಸ್ಟ್ರೇ? ಇವಳಿಗೀಗ ಗಂಡಸರ ಚಪ್ಪಲಿಯೇ ಬೇಕು. ಅದನ್ನೂ ನಿಮ್ಮ ನಳಿಕೆಯಲ್ಲಿ ಬೇಯಿಸಿ ನೋಡಿ."

ಮೋಹನದಾಸ ನಳಿಕೆಯನ್ನೇ ತಿರುಗಿಸಿ ನೋಡಿದ. ನಳಿಕೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಹೆಂಡತಿ. ಪಕ್ಕದಲ್ಲಿ ಮಜ್ಜಿಗೆಯ ಲೋಟ ಇಟ್ಟರೂ ಅವಳು ತಿರುಗಿ ನೋಡುತ್ತಿರಲಿಲ್ಲ. ಸಿಟ್ಟು ಎಂದುಕೊಂಡ.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ ಕುಶಲಾ ಗಂಜಿಯ ಪಾತ್ರೆಯ ಎದುರು ಕುಳಿತು, ಕುಚ್ಚಲಕ್ಕಿಯ ತಿಳಿಯನ್ನು ಚೆಂಬಿನಲ್ಲಿ ಮೊಗೆದು ಗಟಗಟನೆ ಕುಡಿಯುತ್ತಿದ್ದಳು.

"ಇದಾ ವಿಷಯ!"

"ಬಾಯಾರಿಕೆ ತಡೆಯುವುದಿಲ್ಲ. ನೀವು ಬೇಡ ಅಂದದ್ದು ಅನ್ನ ಅಲ್ವಾ? ಇದು ಬರೀ ನೀರು."

"ನೀರಾ? ಇದರಲ್ಲಿ ಅಕ್ಕಿಯ ಸತ್ವವೇ ಉಂಟು ಮಾರಾಯ್ತಿ!"

ಗದರುತ್ತಿದ್ದರೂ ಅವನೊಳಗೆ ಸಂತೋಷ ಉಕ್ಕಿತ್ತು. ಕೆಟ್ಟು ನಿಂತಿದ್ದ ಪ್ರಯೋಗದಲ್ಲಿ ತಪ್ಪು ಸಿಕ್ಕಿದ ಸಂತೋಷ. ತಿಳಿಯನ್ನೆಲ್ಲ ತೆಂಗಿನ ಬುಡಕ್ಕೆ ಚೆಲ್ಲಿದ. ರಜೆ ಹಾಕಿ ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಕುಳಿತ. ಬೇಯಿಸಿದ ತೊಂಡೆಕಾಯಿಯನ್ನು ಅವಳು ಅವನ ಕಣ್ಣೆದುರೇ ನುಂಗಿದಳು. ನೀರನ್ನೂ ಅವನೇ ಎತ್ತಿಕೊಟ್ಟ.

ವಾರ ಕಳೆದು ಮತ್ತೆ ನಳಿಕೆ ಹಿಡಿದ. ನೀಲಿ ಸ್ವಲ್ಪ ಹೊತ್ತು ನಿಂತಿತು. ಅವನು ದೀಪದ ಕಡೆಗೆ ಇನ್ನಷ್ಟು ಬಗ್ಗಿದ. ಬಣ್ಣ ಕದಡಿತು, ತಳದಿಂದ ಹಂಚಿನ ಕೆಂಪು ಎದ್ದು ಬಂತು.

ಕುಶಲಾ ಅದನ್ನೇ ನೋಡಿದಳು. ಅಳಲಿಲ್ಲ.

"ನಿದ್ದೆಯಲ್ಲಿ ಎದ್ದು ತಿಂತೇನೋ ಏನೋ. ನನಗೇ ಗೊತ್ತಾಗುವುದಿಲ್ಲ. ಇವತ್ತಿನಿಂದ ನನ್ನ ಕೈ ಮಂಚಕ್ಕೆ ಕಟ್ಟಿ."

ಎರಡೂ ಕೈ ಮುಂದೆ ಚಾಚಿದಳು. ಇಷ್ಟು ದಿನ ನಳಿಕೆಯನ್ನು ನೋಡುತ್ತಿದ್ದವನು ಆಗ ಆ ಕೈಗಳನ್ನು ನೋಡಿದ. ಅಗಲವಾದ ಅಂಗೈ, ಬಾಳೆಕಾಯಿಯಂಥ ಬೆರಳುಗಳು. ಮದುವೆಯ ಉಂಗುರವನ್ನು ಆಚಾರಿ ಕತ್ತರಿಸಿ ತೆಗೆದ ಬೆರಳಲ್ಲಿ ಗುರುತು ಇನ್ನೂ ಉಳಿದಿತ್ತು. ಇವು ಅವನು ಧಾರೆಯಲ್ಲಿ ಹಿಡಿದ ಕೈಗಳಲ್ಲ.

ಗೋಡೆಯಿಂದ ಮದುವೆಯ ಫೋಟೋ ಕಿತ್ತುಕೊಂಡು, ಅವಳನ್ನು ಪಕ್ಕದ ಕೊಟ್ಟಾರ ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಆರ್ಥರ್ ಬಳಿಗೆ ಕರೆದೊಯ್ದ.

ಡಾಕ್ಟರು ಫೋಟೋ ನೋಡಿದರು, ಮುಖ ನೋಡಿದರು. ಮುಂದೆ ಬಂದ ದವಡೆ, ದಪ್ಪಗಾದ ಮೂಗು, ಸಡಿಲಾದ ಹಲ್ಲುಗಳು. ಆಮೇಲೆ ತಮ್ಮ ಎರಡು ಕೈಗಳನ್ನೂ ಅವಳ ಕಿವಿಗಳ ಪಕ್ಕಕ್ಕೆ ಚಾಚಿದರು.

"ಎಷ್ಟು ಬೆರಳು ಉಂಟಮ್ಮ?"

"ಬೆರಳು ಎಲ್ಲಿ ಉಂಟು ಡಾಕ್ಟ್ರೇ?"

ಡಾಕ್ಟರು ಕೈ ಇಳಿಸಿ ಮೋಹನದಾಸನ ಕಡೆ ತಿರುಗಿದರು. "ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗ್ರಂಥಿ ಉಂಟು ಮಾಸ್ಟ್ರೇ. ಅದರಲ್ಲಿ ಗಡ್ಡೆ ಆಗಿರಬೇಕು. ಮೈ ಬೆಳೆಸುವ ರಸವನ್ನು ಮಿತಿ ಇಲ್ಲದೆ ಸುರಿಸ್ತಾ ಉಂಟು. ಮೂಳೆ ದಪ್ಪ ಮಾಡುವುದೂ ಅದೇ, ಇನ್ಸುಲಿನಿಗೆ ಕೆಲಸ ಮಾಡಲು ಬಿಡದ್ದೂ ಅದೇ. ಇವರು ಉಪವಾಸ ಬಿದ್ದರೂ ಸಕ್ಕರೆ ಇಳಿಯುವುದು ಕಷ್ಟ. ಈಗ ಕಣ್ಣಿನ ನರವನ್ನೂ ಒತ್ತುತ್ತಾ ಉಂಟು, ಅದಕ್ಕೇ ಇವರಿಗೆ ಪಕ್ಕದಲ್ಲಿದ್ದದ್ದು ಕಾಣುವುದಿಲ್ಲ. ಬೇಗ ವೆಲ್ಲೂರಿಗೆ ಹೋಗಿ, ಆಪರೇಷನ್ ಆಗಬೇಕು. ಹೋದ ದೃಷ್ಟಿ ಬಂದೇ ಬರ್ತದೆ ಅಂತ ನಾನು ಹೇಳಲಾರೆ."

ಕುಶಲಾ ಆಪರೇಷನ್ನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಹಾಗಾದರೆ ನಾನು ಕದಿಯಲಿಲ್ಲ ಅಂತ ಇವರಿಗೆ ಹೇಳಿ ಡಾಕ್ಟ್ರೇ."

ಮನೆಗೆ ಬಂದು ಅವಳು ಜಗಲಿಯಲ್ಲಿ ಕುಳಿತಳು. ಮೋಹನದಾಸ ಉಡಿದಾರದಿಂದ ಕೀಲಿಕೈ ಬಿಚ್ಚಿ, ಅವಳ ಪಕ್ಕದಲ್ಲಿ ನಿಂತು ಚಾಚಿದ. ಅವಳು ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಸಿಟ್ಟಲ್ಲ ಎಂದು ಈಗ ಅವನಿಗೆ ಗೊತ್ತಿತ್ತು. ಕೀಲಿ ಅವಳಿಗೆ ಕಾಣಬೇಕಾದರೆ ಅವನು ಎದುರಿಗೆ ಹೋಗಿ ನಿಲ್ಲಬೇಕಿತ್ತು. ಅವಳನ್ನು ಕಳ್ಳಿ ಮಾಡಿದವನಿಗೆ ಆ ಮುಖವಿರಲಿಲ್ಲ. ಚಾಚಿದ ಕೈ ಹಾಗೆಯೇ ಉಳಿಯಿತು.