ಹೊಲಿದು ಉಳಿಸಿದ ಗುಲ್ಮ

ನಾನು ಶಸ್ತ್ರಚಿಕಿತ್ಸೆಯಲ್ಲಿ ಸೂಜಿ ಹಿಡಿಯುವ ಇಕ್ಕಳ. ಕಾದ ಉಕ್ಕನ್ನು ಬಡಿದು, ಸಾಣೆ ಹಿಡಿದು, ಬಾಯಿಗೆ ಸಣ್ಣ ಹಲ್ಲು ಕೊರೆದು ನನ್ನನ್ನು ಮಾಡಿದರು. ಗದಗಿನ ಒಂದು ಚಿಕ್ಕ ಆಸ್ಪತ್ರೆಗೆ ಬಂದು ಡಾಕ್ಟರ್ ಹೂಗಾರರ ಕೈ ಸೇರಿದೆ.

ಅವರ ಕಥೆಯನ್ನು ನಾನು ಕೇಳಿದ್ದು ನನ್ನನ್ನು ತೊಳೆಯುತ್ತಿದ್ದ ಸಿಸ್ಟರ್ ದೀನಮ್ಮನ ಬಾಯಿಂದ. ಹೂಗಾರರಿಗೆ ಅಂಬಿಕಾ ಎಂಬ ಒಬ್ಬಳೇ ಮಗಳು. ಎಂಟನೆಯ ವಯಸ್ಸಿನಲ್ಲಿ ಮಾಳಿಗೆಯಿಂದ ಬಿದ್ದು ಅವಳ ಹೊಟ್ಟೆಯೊಳಗೆ, ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮವೆಂಬ ಮೆತ್ತನೆಯ ಅಂಗ ಸೀಳಿತು. ಬೇರೆ ಊರಿನ ವೈದ್ಯರು ಆ ಕಾಲದ ರೂಢಿಯಂತೆ ಅದನ್ನು ತೆಗೆದುಹಾಕಿದರು. ಮಗು ಉಳಿಯಿತು. ಆದರೆ ಗುಲ್ಮದ ಜೊತೆಗೆ ಸೋಂಕನ್ನು ತಡೆಯುವ ಕಾವಲೂ ಹೋಗಿತ್ತು. ಎರಡು ವರ್ಷದ ಮೇಲೆ ಬೆಳಿಗ್ಗೆ ಬಂದ ಜ್ವರ ಸಂಜೆಯೊಳಗೆ ಅವಳನ್ನು ಒಯ್ದಿತು.

ಒಂದು ಮಧ್ಯಾಹ್ನ ಒಂಬತ್ತು ವರ್ಷದ ಶಿವಲೀಲಾಳನ್ನು ತಂದರು. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಬಡಿದಿತ್ತು. ಹೂಗಾರರು ಹೊಟ್ಟೆ ತೆರೆದು ನೋಡಿದರೆ ಗುಲ್ಮ ಸೀಳಿ ರಕ್ತ ತುಂಬಿತ್ತು.

“ತಗದಬಿಡ್ರಿ ಸಾಹೇಬ್ರ, ರಕ್ತ ಭಾಳ ಹೊಂಟೈತಿ,” ಎಂದಳು ದೀನಮ್ಮ.

“ಹೊಲದ ನೋಡೋಣು. ದಾರ ಕೊಡವ್ವಾ.”

ಮಾಗಿದ ಹಣ್ಣಿಗೆ ಹೊಲಿಗೆ ಹಾಕಿದ ಹಾಗೆ ಮೊದಲ ದಾರ ಹರಿದು ಬಂತು. ಎರಡನೆಯದೂ ನಿಲ್ಲಲಿಲ್ಲ. ಆಗ ಹೂಗಾರರು ಹೊಟ್ಟೆಯೊಳಗಿನದೇ ಕೊಬ್ಬಿನ ಪದರವನ್ನು ಎಳೆದು ಸೀಳಿಗೆ ತುಂಬಿ, ಅದರೊಡನೆ ಸೇರಿಸಿ ಹೊಲಿದರು.

“ಇದೇನ್ರೀ, ಕೌದಿಗೆ ತ್ಯಾಪಿ ಹಚ್ಚಿದಂಗ!”

“ನಮ್ಮವ್ವ ಹೊಲದ ಕೌದಿ ಹರದದ್ದ ನಾ ನೋಡಿಲ್ಲ. ಸುಮ್ನ ಒತ್ತಿ ಹಿಡಿ.”

ರಕ್ತ ನಿಂತಿತು. ಹತ್ತನೆಯ ದಿನ ಹುಡುಗಿ ನಡೆದೇ ಮನೆಗೆ ಹೋದಳು. ಆದರೆ ಹೂಗಾರರಿಗೆ ನೆಮ್ಮದಿಯಿಲ್ಲ. ಹೊಲಿದ ಗುಲ್ಮ ಉಳಿದಿದೆ, ನಿಜ. ಅದು ಮಗುವನ್ನು ಕಾಯುತ್ತದೆಯೇ?

ಎರಡು ವರ್ಷ ಕಳೆಯುವುದರೊಳಗೆ ನನ್ನ ಹಲ್ಲು ಸವೆದು, ಡ್ರೆಸ್ಸಿಂಗ್ ಕೋಣೆಯಲ್ಲಿ ಹತ್ತಿ ಎತ್ತುವ ಕೆಲಸಕ್ಕೆ ಇಳಿದೆ. ಒಂದು ಬೆಳಿಗ್ಗೆ ಅಲ್ಲಿನ ಮಂಚದ ಮೇಲೆ ಶಿವಲೀಲಾಳನ್ನು ತಂದು ಮಲಗಿಸಿದರು. ಮೈ ಕೆಂಡದಂತೆ ಸುಡುತ್ತಿತ್ತು. ಔಷಧಿ ಕೊಟ್ಟು ಹೂಗಾರರು ಮಗ್ಗುಲಲ್ಲೇ ಕುಳಿತರು. ಊಟಕ್ಕೂ ಏಳಲಿಲ್ಲ. ತುಟಿ ಶಿವನಾಮ ನುಡಿಯುತ್ತಿತ್ತು, ಕೈ ಹುಡುಗಿಯ ಹಣೆಯ ಮೇಲಿತ್ತು. ಹೊತ್ತು ಮುಳುಗಿದ ಮೇಲೆ ಅವಳು ಕಣ್ಣು ತೆರೆದು, “ಹಸಿವ್ಯಾಗೇತ್ರಿ,” ಎಂದಳು.

“ಜ್ವರ ಇಳದೈತಿ ಸಾಹೇಬ್ರ. ಇನ್ನರ ಕೈ ತಗೀರಿ, ಚಾ ಕುಡೀರಿ.”

“ಇರ್ಲಿ ಬಿಡವ್ವಾ,” ಎಂದರು ಹೂಗಾರರು. “ಈ ಸಂಜಿ ದಾಟಿದ್ದ ನಾ ನೋಡೇ ಇರಲಿಲ್ಲ.”

ಅವರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ನಾನು ಹೊಳಪು ಕಳೆದುಕೊಂಡು ಬೀರುವಿನ ಮೂಲೆಯಲ್ಲಿದ್ದೇನೆ. ಬಾಗಿಲು ತೆರೆದಾಗಲೆಲ್ಲ ಅವರೇ ಬಂದರೇನೋ ಎಂದು ಕಾಯುತ್ತೇನೆ. ಹೋದವರು ಬರುವುದಿಲ್ಲವೆಂದು ನನಗೆ ಗೊತ್ತು. ಅಂಬಿಕಾ ಬರುವುದಿಲ್ಲವೆಂದು ಆ ತಂದೆಗೂ ಗೊತ್ತಿತ್ತು, ಆದರೂ ಆ ದಿನ ಶಿವಲೀಲಾಳ ಮಗ್ಗುಲಲ್ಲಿ ಕಾದರು.