ಮಲ್ಜಾ ಕಂತು ತೀರಿಸಿದ್ದು

ಸುಗ್ಗಿಯ ಚುಸೊಕ್ ಹಬ್ಬ ಮುಗಿದಂದಿನಿಂದ ಮೀನುಪೇಟೆಯ ಹೆಂಗಸರು ಮಲ್ಜಾಳ ಜೊತೆ ಮಾತು ಬಿಟ್ಟಿದ್ದರು. ಬೈದಿದ್ದರೆ ಅವಳು ಸಹಿಸುತ್ತಿದ್ದಳು. ಬೈಗುಳಕ್ಕೆ ಬೈಗುಳ ತಿರುಗಿಸುವುದರಲ್ಲಿ ಬಂದರು ಊರು ಯೊಸುವಿನ ಆ ಪೇಟೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಾಯಿಯೇ ಬಿಡದವರನ್ನು ಏನು ಮಾಡುವುದು?

ಇದಕ್ಕೆಲ್ಲ ಕಾರಣ ಅವಳ ಭಾವನ ಮಗ ಗಿಚೊಲ್. ಪೇಟೆಯ ಬಾಗಿಲಲ್ಲೇ ಅವನದೊಂದು ಫೋನ್ ಅಂಗಡಿ. ಬೇಸಿಗೆಯಲ್ಲಿ ಹೊಸ ಫೋನು ಪುಕ್ಕಟೆ ಎಂದ, ಮಲ್ಜಾ ನಂಬಿದಳು. ತಾನೊಬ್ಬಳೇ ನಂಬಿ ಸುಮ್ಮನಿದ್ದಳೇ? ಕಪ್ಪೆಚಿಪ್ಪು ಮಾರುವ ಒಕ್ಬುನ್‌ಳಿಂದ ಹಿಡಿದು ಸಾಲಿನ ಹೆಂಗಸರನ್ನೆಲ್ಲ ಕೈಹಿಡಿದು ಕರೆದೊಯ್ದು, ನಮ್ಮ ಹುಡುಗ ಕಣ್ರೇ, ಕಣ್ಣು ಮುಚ್ಚಿಕೊಂಡು ಸಹಿ ಹಾಕಿ ಎಂದಿದ್ದಳು. ಅವರೂ ಕಣ್ಣು ಮುಚ್ಚಿಕೊಂಡೇ ಹಾಕಿದರು.

ಹಬ್ಬಕ್ಕೆ ಊರಿಗೆ ಬಂದ ಒಕ್ಬುನ್‌ಳ ಮಗ ತಾಯಿಯ ಬಿಲ್ಲು ನೋಡಿ ತಲೆ ಚಚ್ಚಿಕೊಂಡ. ಪುಕ್ಕಟೆ ಎಲ್ಲಿಂದ ಬಂತು, ಮೂರು ವರ್ಷದ ಕಂತು! ಎರಡು ವರ್ಷ ಕಂಪನಿ ಬದಲಿಸುವುದಿಲ್ಲ ಎಂದು ಒಪ್ಪಿದ ಯಾರಿಗೇ ಆದರೂ ಫೋನ್ ಕಂಪನಿ ತಿಂಗಳ ಬಿಲ್ಲಿನಲ್ಲಿ ಒಂದಿಷ್ಟು ಕಡಿಮೆ ಮಾಡುತ್ತದೆ. ಅದನ್ನೇ ಗಿಚೊಲ್ ತಾನು ಫೋನಿನ ಬೆಲೆಯಲ್ಲಿ ಬಿಟ್ಟುಕೊಟ್ಟಂತೆ ತೋರಿಸಿದ್ದ. ಸುದ್ದಿ ಪೇಟೆಯೆಲ್ಲ ಹರಡಿತು, ಅದರ ಬಾಲ ಹಿಡಿದು ಇನ್ನೊಂದು ಸುದ್ದಿ: ತಲೆಗಿಷ್ಟು ಅಂತ ಮಲ್ಜಾ ಕಮಿಷನ್ ತಿಂದಿದ್ದಾಳೆ.

ಆ ಮಾತು ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು. ಈ ಪೇಟೆಯಲ್ಲಿ ತೂಕದಲ್ಲಿ ಒಂದು ಬಂಗುಡೆಯ ಬಾಲದಷ್ಟೂ ಮೋಸ ಮಾಡದವಳು ಅವಳು. ಎಲ್ಲರ ಕಣ್ಣೆದುರಿಗೇ ಆ ಮನೆಹಾಳನ ಸಂಬಂಧ ಹರಿದುಕೊಂಡು ಬರುತ್ತೇನೆ, ಆಮೇಲೆ ಯಾವ ನಾಲಿಗೆ ಏಳುತ್ತದೋ ನೋಡೋಣ ಎಂದುಕೊಂಡಳು. ಹೊಸ ಫ್ರೀಜರಿಗೆಂದು ಎರಡು ಚಳಿಗಾಲ ಕೂಡಿಟ್ಟ ದುಡ್ಡನ್ನು ಸೊಂಟದ ಚೀಲಕ್ಕೆ ತುರುಕಿ, ರಬ್ಬರ್ ಬೂಟಿನಲ್ಲೇ ಪೇಟೆಯ ನಡುವೆ ಹಾದು ಹೊರಟಳು. ಒಕ್ಬುನ್ ಚಾಕು ಕೆಳಗಿಟ್ಟಳು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮಲ್ಜಾಳ ಹಿಂದೆ ಬಂದರು.

"ಬನ್ನಿ ಚಿಕ್ಕಮ್ಮ, ಕೂತ್ಕೊಳ್ಳಿ. ಕಾಫಿ ಕಲಸ್ಲಾ?" ಎಂದ ಗಿಚೊಲ್.

"ನಿನ್ನ ಕಾಫಿಗಿಷ್ಟು ಬೆಂಕಿ ಹಾಕ. ನನ್ನ ಫೋನಿನ ಉಳಿದ ಕಂತೆಲ್ಲ ಸೇರಿ ಎಷ್ಟಾಗತ್ತೆ ಹೇಳು. ಈಗ್ಲೇ ಬಿಸಾಕ್ತೀನಿ. ಬಿಸಾಕಿ ಎದುರುಗಡೆ ಅಂಗಡಿಗೆ ಹೋಗ್ತೀನಿ."

ಗಿಚೊಲ್ ಬಾಗಿಲಾಚೆ ನಿಂತ ಹೆಂಗಸರನ್ನು ನೋಡಿದ. ನಗು ಇಳಿಯಿತು.

"ಚಿಕ್ಕಮ್ಮ, ಮೆಲ್ಲಗೆ ಮಾತಾಡಿ. ಇನ್ನೆರಡು ತಿಂಗಳು ತಡ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಆರು ತಿಂಗಳೊಳಗೆ ಗಿರಾಕಿ ಬಿಟ್ಟೋದ್ರೆ ಕಂಪನಿಯವ್ರು ನನಗೆ ಕೊಟ್ಟ ಕಮಿಷನ್ ವಾಪಸ್ ಕಿತ್ಕೊಳ್ತಾರೆ."

"ಕಿತ್ಕೊಳ್ಳಲಿ. ಅದ್ರ ಜೊತೆ ನಿನ್ನ ಚರ್ಮಾನೂ ಕಿತ್ಕೊಳ್ಳಲಿ."

"ನೀವು ಹೋದ್ರೆ ಅವ್ರೂ ಹೋಗ್ತಾರೆ. ನಾನು ಅಂಗಡಿ ಮುಚ್ಚಬೇಕಾಗತ್ತೆ."

"ಮತ್ತೆ? ಅದಕ್ಕೇ ಬಂದಿರೋದು ಕಣೋ."

ಅವನ ಮುಖ ಗಡುಸಾಯಿತು. "ಆಯ್ತು. ಚಿಕ್ಕಪ್ಪನ ತಿಥಿಗೆ ಯಾರು ಬಗ್ಗಿ ನಮಸ್ಕಾರ ಮಾಡ್ತಾರೋ ನಾನೂ ನೋಡ್ತೀನಿ. ನಿಮ್ಮ ಹೊಟ್ಟೇಲಿ ಒಂದು ಗಂಡಾದ್ರೂ ಹುಟ್ಟಿದ್ಯಾ?"

ಏಟು ಸರಿಯಾದ ಜಾಗಕ್ಕೇ ಬಿತ್ತು. ಪ್ರತಿ ವರ್ಷ ಗಂಡನ ತಿಥಿಯ ದಿನ ಎಡೆಯ ಮುಂದೆ ಮಂಡಿಯೂರುತ್ತಿದ್ದವನು ಇವನೊಬ್ಬನೇ. ಆದರೂ ಮಲ್ಜಾಳ ಬಾಯಿ ಸೋಲಲಿಲ್ಲ.

"ನಾನೇ ಬಗ್ತೀನಿ. ಬದುಕಿದ್ದಾಗ್ಲೂ ಆ ಮನುಷ್ಯನ ಮುಂದೆ ಬಗ್ಗಿದ್ದು ನಾನೊಬ್ಬಳೇ. ನೀನು ನಿನ್ನ ಅಂಗಡಿ ಬಾಗಿಲಿಗೆ ನಮಸ್ಕಾರ ಹಾಕ್ಕೊ, ಹೋಗು."

ಹೊರಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗುವಿನಿಂದ ಅವಳಿಗೆ ಆನೆಬಲ ಬಂತು. ಉಳಿದ ಕಂತು, ಎರಡು ವರ್ಷದ ಮಾತು ಮುರಿದದ್ದಕ್ಕೆ ದಂಡ ಎಲ್ಲ ಸೇರಿಸಿ ಗಿಚೊಲ್ ಹೇಳಿದ ಮೊತ್ತಕ್ಕೆ ಫ್ರೀಜರಿನ ದುಡ್ಡೆಲ್ಲ ಹೋಯಿತು. ಮೀನಿನ ವಾಸನೆಯ ನೋಟುಗಳನ್ನು ಅವನ ಮೂಗಿನ ಕೆಳಗೇ ಒಂದೊಂದಾಗಿ ಇಟ್ಟಳು. ಅವನು ಕಂಪನಿಗೆ ಕಟ್ಟಿ, ರಸೀತಿಯನ್ನು ಮೇಜಿನ ಮೇಲೆ ಎಸೆದ. ಅವಳು ಅದನ್ನು ಎತ್ತಿಕೊಂಡು, ಎಲ್ಲರಿಗೂ ಕಾಣುವಂತೆ ಕೊಡವಿ ಮಡಚಿದಳು.

ಎದುರಿನ ಅಂಗಡಿಯಲ್ಲಿ ನಂಬರ್ ಬದಲಾಗಲಿಲ್ಲ, ಕಂಪನಿ ಬದಲಾಯಿತು. ಕಂತು ತೀರಿದ ಫೋನು ಈಗ ಅವಳದೇ, ಅದನ್ನೇ ಇಟ್ಟುಕೊಳ್ಳಬಹುದು ಎಂದು ಅಲ್ಲಿಯ ಹೆಂಗಸು ಹೇಳಿದಳು. "ಅವ್ನು ಮುಟ್ಟಿದ್ದು ನನಗೆ ಬೇಡ" ಎಂದು ಮಲ್ಜಾ ಅದನ್ನು ಅವಳಿಗೇ ಮಾರಿ, ಬದಲಿಗೆ ಮಡಚುವ ಸಾದಾ ಫೋನು ತೆಗೆದುಕೊಂಡಳು. ಇದಕ್ಕೂ ಕಂತಿದೆಯಾ ಎಂದು ಮೂರು ಸಲ ಕೇಳಿ, ಇಲ್ಲ ಎಂದು ಮೂರು ಸಲ ಹೇಳಿಸಿಕೊಂಡಳು.

ಹೊರಗೆ ಬಂದಾಗ ಗೆದ್ದವಳ ನಡಿಗೆ. ಹೆಂಗಸರು ಇನ್ನೂ ಅಲ್ಲೇ ನಿಂತಿದ್ದರು.

"ನೋಡಿದ್ರೇನ್ರೇ? ಹರ್ಕೊಂಡ್ ಬಂದೆ! ಇನ್ನು ಅವ್ನು ನನ್ನ ಪಾಲಿಗೆ ಸತ್ತ. ಬನ್ರೇ, ನೀವೂ ಕಟ್ಟಿ ಬಿಡಿಸ್ಕೊಳ್ಳಿ. ಅವ್ನ ಕಮಿಷನ್ನೆಲ್ಲ ಕಂಪನಿ ಕಕ್ಕಿಸತ್ತೆ!"

ಯಾರೂ ಕದಲಲಿಲ್ಲ. ಒಕ್ಬುನ್ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಇಷ್ಟು ದಿನದ ಮೇಲೆ ಅವಳು ಮಲ್ಜಾಳೊಂದಿಗೆ ಆಡಿದ ಮೊದಲ ಮಾತು ಅದು.

"ಕಟ್ಟೋಕೆ ನಮ್ಹತ್ರ ಎಲ್ಲಿದೆ ಅಕ್ಕ? ನಾವೂ ನಿನ್ನ ಪಕ್ಕದಲ್ಲೇ ಕೂತು ಮೀನು ಮಾರೋರು. ನಮಗೆ ತಿಂಗಳ ಕಂತಿಗೇ ಉಸಿರು ಹೋಗತ್ತೆ. ನೀನು ಒಂದೇ ಏಟಿಗೆ ಎಲ್ಲಾ ಎಣಿಸಿ ಬಿಸಾಕಿದ್ಯಲ್ಲ." ಅವಳು ಮಲ್ಜಾಳ ಸೊಂಟದ ಚೀಲದತ್ತ ಗದ್ದ ಎತ್ತಿದಳು. "ಕಮಿಷನ್ ತಿನ್ನದೆ ಇದ್ದಿದ್ರೆ ಅಷ್ಟು ದುಡ್ಡು ಎಲ್ಲಿಂದ ಬಂತಕ್ಕ?"

ಮಲ್ಜಾ ಬಾಯಿ ತೆರೆದಳು. ಪೇಟೆಯನ್ನೇ ಆಳಿದ ಆ ಬಾಯಿಗೆ ಒಂದೇ ಒಂದು ಬೈಗುಳವೂ ಸಿಗಲಿಲ್ಲ. ಫ್ರೀಜರಿನ ಮಾತು ಹೇಳಿದರೆ ನಂಬುವವರು ಅಲ್ಲಿ ಯಾರೂ ಇರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ತಮ್ಮ ತಮ್ಮ ಮೀನಿನ ಹಲಗೆಗಳತ್ತ ಹೊರಟರು.